ಮಾನವ ಹಕ್ಕು ಕಲಿಸೋಕೆ ಕಲಿತ ಹನ್ನೊಂದು ತಿಂಗಳು

ಹೋದ ವಾರ ಪ್ರಮಾಣಪತ್ರ ಬಂತು. ಒಂದೇ ಪುಟದ ಪಿಡಿಎಫ್. ಹೆಸರಿನ ಕಾಗುಣಿತ ಸರಿ ಇದೆಯಾ ಅಂತ ನೋಡಿ ಮುಚ್ಚಿಟ್ಟೆ. ಅಂದುಕೊಂಡಷ್ಟು ಖುಷಿಯೇನೂ ಆಗಲಿಲ್ಲ. ಸುಸ್ತಾಗಿದೆ ಅನ್ನುವುದು ಮಾತ್ರ ಆಗ ಚೆನ್ನಾಗಿ ಗೊತ್ತಾಯಿತು.

ನಾನು ಮುಗಿಸಿದ್ದು ಮಾನವ ಹಕ್ಕುಗಳ ಶಿಕ್ಷಣ ನಡೆಸಿಕೊಡುವವರ ತರಬೇತಿ. ಬೇರೆ ಬೇರೆ ದೇಶ, ಭಾಷೆ, ನಂಬಿಕೆಯ ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ ಹಕ್ಕುಗಳ ಬಗ್ಗೆ ಮಾತಾಡಿಸುವ ಕೆಲಸ. ಸೇರುವ ಮೊದಲು ಎಷ್ಟು ಹುಡುಕಿದರೂ ನನಗೆ ಸಿಕ್ಕಿದ್ದು ಬರೀ ಪಠ್ಯಕ್ರಮಗಳು. ಎಲ್ಲಿ ಕಾಯಬೇಕು, ಯಾವ ಕಾಗದ ಕೈಕೊಡುತ್ತೆ, ಎಲ್ಲಿ ಮುಖಕ್ಕೆ ಹೊಡೆದಂತಾಗುತ್ತೆ ಅಂತ ಹೇಳುವವರು ಸಿಗಲಿಲ್ಲ. ನನ್ನ ಹಿಂದೆ ಬರುವವರಿಗೆ ಸ್ವಲ್ಪ ಸುಲಭ ಆಗಲಿ ಅಂತ ಬರೆಯುತ್ತಿದ್ದೇನೆ.

ಅರ್ಜಿಗೆ ಮೂರು ಕಾಗದ ಕೇಳಿದ್ದರು. ಯಾಕೆ ಸೇರಬೇಕು ಅನ್ನುವ ಎರಡು ಪುಟದ ಬರಹ, ಎರಡು ಶಿಫಾರಸು ಪತ್ರ, ಮತ್ತು ನಾನು ಅಭ್ಯಾಸದ ತರಗತಿ ನಡೆಸಲಿರುವ ಸಂಸ್ಥೆಯ ಒಪ್ಪಿಗೆ ಪತ್ರ. ಮೊದಲ ಎರಡು ಸುಲಭ ಅಂದುಕೊಂಡೆ. ಮೂರನೆಯದು ಗೋಳು ಹೊಯ್ದುಕೊಂಡಿತು. ವಲಸೆ ಬಂದವರ ಜೊತೆ ಕೆಲಸ ಮಾಡುವ ಒಂದು ಸಮುದಾಯ ಕೇಂದ್ರವನ್ನು ಕೇಳಿದೆ. "ನಿಮಗೆ ಸೀಟು ಸಿಕ್ಕಿದೆಯಾ? ಸಿಕ್ಕ ಮೇಲೆ ಬನ್ನಿ" ಅಂದರು. ತರಬೇತಿಯವರು "ಪತ್ರ ತನ್ನಿ, ಆಮೇಲೆ ಸೀಟು" ಅಂದರು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. (ಈ ಗಾದೆಯನ್ನು ಹಕ್ಕಿನ ತರಗತಿಯಲ್ಲಿ ಹೇಳುವ ಹಾಗಿಲ್ಲ ಅಂತ ಈಗ ಗೊತ್ತಾಗಿದೆ.) ಮೂರು ವಾರ ಹೀಗೇ ಓಡಾಡಿದೆ. ಕೊನೆಗೆ ಕೇಂದ್ರದವರು "ಇವರು ಆಯ್ಕೆಯಾದರೆ ನಾವು ಜಾಗ ಕೊಡುತ್ತೇವೆ" ಅಂತ ಷರತ್ತಿನ ಪತ್ರ ಕೊಟ್ಟರು. ಅಷ್ಟೇ ಸಾಕಾಗಿತ್ತಂತೆ. ನೀವು ಮೊದಲ ದಿನವೇ "ಷರತ್ತಿನ ಪತ್ರ ಕೊಡಿ" ಅಂತಲೇ ಕೇಳಿ. ಮೂರು ವಾರ ಉಳಿಯುತ್ತೆ.

ಸುಲಭ ಅಂದುಕೊಂಡ ಬರಹ ವಾಪಸ್ ಬಂತು. ನಾನು ಅದರಲ್ಲಿ, ಹಕ್ಕುಗಳ ಅರಿವಿಲ್ಲದ ಜನರಲ್ಲಿ ಅರಿವು ಮೂಡಿಸುವುದು ನನ್ನ ಆಸೆ ಅಂತ ಬರೆದಿದ್ದೆ. ಎಲ್ಲರೂ ಬರೆಯುವ ಮಾತು, ಅಲ್ವಾ? ಆ ಸಾಲಿನ ಪಕ್ಕದಲ್ಲಿ ಒಂದೇ ಪ್ರಶ್ನೆ ಇತ್ತು: "ಅರಿವಿಲ್ಲ ಅಂತ ನಿಮಗೆ ಹೇಗೆ ಗೊತ್ತು?" ಸಿಟ್ಟು ಬಂತು. ಒಂದು ದಿನ ಬಿಟ್ಟು ಆ ಸಾಲು ತೆಗೆದು, ನನ್ನ ಜೀವನದಲ್ಲಿ ನಾನೇ ಬಾಯಿ ಮುಚ್ಚಿಕೊಂಡು ಕೂತ ಒಂದು ಸಂದರ್ಭ ಬರೆದು ಕಳಿಸಿದೆ. ಸಿಟ್ಟು ಹೋಗೋಕೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಆಮೇಲೆ ಏಳು ವಾರ ಸುದ್ದಿಯಿಲ್ಲ. ಈ ಕಾಯುವಿಕೆ ನಿಮಗೂ ಬರುತ್ತೆ. ಮೇಲ್ ಮೇಲೆ ಮೇಲ್ ಹಾಕಬೇಡಿ, ಉಪಯೋಗವಿಲ್ಲ. ನಾನು ಆ ವಾರಗಳಲ್ಲಿ, 1948ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಕನ್ನಡದಲ್ಲಿ ಓದಿದೆ. ಮೂವತ್ತೇ ವಿಧಿಗಳು, ಅರ್ಧ ಗಂಟೆಯೂ ಬೇಡ. ಆದರೆ ಮೊದಲ ವಿಧಿಯಲ್ಲೇ ನಾನು ಮೂರು ದಿನ ನಿಂತುಬಿಟ್ಟೆ. ಎಲ್ಲಾ ಮಾನವರೂ ಘನತೆ ಮತ್ತು ಹಕ್ಕುಗಳಲ್ಲಿ ಸಮಾನರು ಅನ್ನುತ್ತದೆ ಅದು.

ಘನತೆ. ನಾವು ದಿನಬಳಕೆಯಲ್ಲಿ ಈ ಪದ ಎಷ್ಟು ಸಲ ಬಳಸುತ್ತೇವೆ? ನಮ್ಮ ಬಾಯಲ್ಲಿ ಇರುವುದು ಮರ್ಯಾದೆ. ಮರ್ಯಾದೆ ಬೇರೆಯವರು ಕೊಡುವುದು. ಕೊಟ್ಟವರು ತೆಗೆಯಲೂಬಹುದು. "ಮರ್ಯಾದೆ ಹೋಯ್ತು" ಅಂತೀವಿ. "ಮರ್ಯಾದೆ ಕೊಟ್ಟು ಮರ್ಯಾದೆ ತಗೋ" ಅಂತ ಗದರುತ್ತೇವೆ. ಅದೊಂದು ಲೇವಾದೇವಿ. ಘೋಷಣೆ ಹೇಳುವ ಘನತೆ ಹಾಗಲ್ಲ. ಕಳ್ಳನಿಗೂ ಇದೆ, ಕೂಸಿಗೂ ಇದೆ. ಯಾರೂ ಕೊಟ್ಟದ್ದಲ್ಲ, ಆದ್ದರಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ. ಹಕ್ಕು ಅನ್ನುವ ಪದವೂ ಅಷ್ಟೇ ತಂಟೆಯದು. ಅದು ಅರಬ್ಬಿಯಿಂದ ಬಂದು ನಮ್ಮದೇ ಆಗಿಹೋದ ಪದ. "ಹಕ್ಕು ಚಲಾಯಿಸ್ತಾನೆ" ಅಂದರೆ ಬೈಗುಳ. "ನಿನ್ನ ಹತ್ರ ಹಕ್ಕಿನಿಂದ ಕೇಳ್ತಿದ್ದೀನಿ" ಅಂದರೆ ಪ್ರೀತಿ. ಒಂದೇ ಪದ, ಎರಡು ಮುಖ. ನನ್ನ ಭಾಷೆಯಲ್ಲೇ ಇಷ್ಟು ತೊಡಕಿದ್ದರೆ ಹತ್ತು ಭಾಷೆಯವರು ಕೂತ ಕೋಣೆಯಲ್ಲಿ ಏನು ಗತಿ ಅಂತ ಆಗಲೇ ಸಣ್ಣ ಭಯ ಶುರುವಾಯಿತು. ನೀವು ಸೇರುವ ಮುಂಚೆ ನಿಮ್ಮ ಭಾಷೆಯ ಪಠ್ಯ ಓದಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಬಳಿ 500ಕ್ಕೂ ಹೆಚ್ಚು ಭಾಷೆಗಳಲ್ಲಿ ಅದು ಇದೆ, ಪುಕ್ಕಟೆ.

ಎಂಟನೇ ವಾರ ಒಪ್ಪಿಗೆ ಬಂತು.

ಆನ್‌ಲೈನ್ ಭಾಗ ಹದಿನಾಲ್ಕು ವಾರ. ಒಟ್ಟು ಇಪ್ಪತ್ತೆರಡು ಜನ, ನಾಲ್ಕು ಖಂಡಗಳಿಂದ. ಎಲ್ಲರಿಗೂ ಹೊಂದುವ ಸಮಯ ಅನ್ನುವುದು ಇಲ್ಲ. ನನಗೆ ತರಗತಿ ಶುರುವಾಗುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ. ಮಾರನೆಯ ದಿನ ಕೆಲಸಕ್ಕೆ ಅರ್ಧ ರಜೆ ಹಾಕುವುದು ಅಭ್ಯಾಸವಾಯಿತು. ಶುಲ್ಕ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ರಜೆ ಎಷ್ಟು ಹೋಗುತ್ತೆ ಅಂತ ಯಾರೂ ಕೇಳುವುದಿಲ್ಲ. ಅದನ್ನೇ ಮೊದಲು ಲೆಕ್ಕ ಹಾಕಿ.

ಮೊದಲ ವಾರದಲ್ಲಿ ಕಲಿತ ಒಂದು ವಿಂಗಡಣೆ ಕೊನೆಯ ತನಕ ಕೈಹಿಡಿಯಿತು. 2011ರ ಡಿಸೆಂಬರ್ 19ರಂದು ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಶಿಕ್ಷಣ ಮತ್ತು ತರಬೇತಿ ಕುರಿತು ಒಂದು ಘೋಷಣೆ ಒಪ್ಪಿಕೊಂಡಿತು. ಅದರ ಎರಡನೇ ವಿಧಿ ಈ ಶಿಕ್ಷಣಕ್ಕೆ ಮೂರು ಮುಖ ಇದೆ ಅನ್ನುತ್ತದೆ. ಹಕ್ಕುಗಳ ಬಗ್ಗೆ ಕಲಿಯುವುದು ಒಂದು. ಕಲಿಸುವವರ, ಕಲಿಯುವವರ ಹಕ್ಕುಗಳನ್ನು ಗೌರವಿಸುವ ರೀತಿಯಲ್ಲೇ ಕಲಿಯುವುದು ಇನ್ನೊಂದು. ತಮ್ಮ ಹಕ್ಕನ್ನು ಬಳಸಿ ಬೇರೆಯವರ ಹಕ್ಕನ್ನೂ ಎತ್ತಿಹಿಡಿಯುವ ಶಕ್ತಿ ಬರುವ ಹಾಗೆ ಕಲಿಯುವುದು ಮೂರನೆಯದು. ನೋಟ್ಸಿನಲ್ಲಿ ನೀಟಾಗಿ ಬರೆದುಕೊಂಡೆ. ಎರಡನೆಯದರ ಅರ್ಥ ನನಗೆ ತಟ್ಟಿದ್ದು ನನ್ನ ಮೊದಲ ತರಗತಿ ಹಾಳಾದ ಮೇಲೆ.

ಆರನೇ ವಾರದಿಂದ ಒಂಬತ್ತನೇ ವಾರದ ತನಕ ಜಗಳವೋ ಜಗಳ. ಮಾನವ ಹಕ್ಕು ಎಲ್ಲರದ್ದಾ, ಒಂದು ಭಾಗದ ಜಗತ್ತು ಮಿಕ್ಕವರ ಮೇಲೆ ಹೇರಿದ್ದಾ? 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಘೋಷಣೆಗೆ ಮತ ಹಾಕಿದಾಗ 48 ದೇಶ ಪರ, ವಿರೋಧ ಸೊನ್ನೆ, ತಟಸ್ಥ 8. ಸೋವಿಯತ್ ಗುಂಪಿನ ದೇಶಗಳು, ದಕ್ಷಿಣ ಆಫ್ರಿಕಾ, ಸೌದಿ ಅರೇಬಿಯಾ ತಟಸ್ಥ ಉಳಿದವು. "ವಿರೋಧ ಸೊನ್ನೆ ನೋಡಿ" ಅಂತ ಒಬ್ಬರು ಹೆಮ್ಮೆಪಟ್ಟರು. "ಆಗ ವಿಶ್ವಸಂಸ್ಥೆಯಲ್ಲಿ ಇದ್ದದ್ದೇ 58 ದೇಶ. ನಮ್ಮ ಖಂಡದ ಹೆಚ್ಚಿನವರು ಇನ್ನೂ ಯಾರದೋ ವಸಾಹತು. ನಮ್ಮನ್ನು ಕೇಳಿದ್ದು ಯಾರು?" ಅಂತ ಆಫ್ರಿಕಾದ ಗೆಳೆಯ ಒಬ್ಬರು ಎದ್ದರು. ಅದಕ್ಕೆ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಉತ್ತರ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಈ ಅನುಮಾನ ಹೊಸದೇನಲ್ಲ. ಘೋಷಣೆ ಇನ್ನೂ ಕರಡಾಗಿದ್ದಾಗಲೇ, 1947ರಲ್ಲಿ, ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ಇದನ್ನೇ ಕೇಳಿತ್ತು. ಪಶ್ಚಿಮ ಯುರೋಪ್ ಮತ್ತು ಅಮೆರಿಕದ ಮೌಲ್ಯಗಳನ್ನಷ್ಟೇ ಬರೆದಿಟ್ಟು ಎಲ್ಲರದ್ದು ಅನ್ನುವುದು ಹೇಗೆ ಅಂತ. 1999ರಲ್ಲಿ ಅದೇ ಸಂಘ ಮಾನವ ಹಕ್ಕುಗಳ ಪರವಾಗಿ ತನ್ನದೇ ಘೋಷಣೆ ಹೊರಡಿಸಿತು. ಅದೇ 1947ರಲ್ಲಿ ಯುನೆಸ್ಕೋ ಬೇರೆ ಬೇರೆ ನಾಡಿನ ಚಿಂತಕರಿಗೆ ಪತ್ರ ಬರೆದು ಅಭಿಪ್ರಾಯ ಕೇಳಿತ್ತು. ಗಾಂಧೀಜಿ ಒಂದು ಚಿಕ್ಕ ಉತ್ತರ ಕಳಿಸಿದರು. ಕರ್ತವ್ಯ ಸರಿಯಾಗಿ ಮಾಡಿದರೆ ಹಕ್ಕು ತಾನಾಗಿ ಬರುತ್ತೆ, ಇದನ್ನು ಕಲಿಸಿದ್ದು ಅಕ್ಷರ ಗೊತ್ತಿಲ್ಲದ ನಮ್ಮಮ್ಮ ಅನ್ನುವ ಅರ್ಥದಲ್ಲಿ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಅರ್ಧ ಜನ ತಲೆದೂಗಿದರು. ಇನ್ನರ್ಧ, "ಹಾಗಾದರೆ ಕರ್ತವ್ಯ ಮಾಡಲಾಗದ ರೋಗಿಗೆ ಹಕ್ಕಿಲ್ಲವಾ?" ಅಂದರು. ಆ ಆಫ್ರಿಕಾದ ಗೆಳೆಯ ನನ್ನ ಸಹಾಯಕ್ಕೆ ಬಂದರು. ಆಫ್ರಿಕಾದ ದೇಶಗಳು 1981ರಲ್ಲಿ ಒಪ್ಪಿಕೊಂಡ ಮಾನವ ಹಕ್ಕುಗಳ ಸನ್ನದಿನಲ್ಲಿ ಹಕ್ಕುಗಳ ಜೊತೆಗೇ ಕರ್ತವ್ಯಗಳೂ ಇವೆ, 29ನೇ ವಿಧಿಯಲ್ಲಿ ತಂದೆತಾಯಿಯನ್ನು ಗೌರವಿಸುವ, ಕಷ್ಟಕಾಲದಲ್ಲಿ ಸಾಕುವ ಕರ್ತವ್ಯವೂ ಇದೆ ಅಂತ ಓದಿ ತೋರಿಸಿದರು. ಆಮೇಲೆ ನೋಡಿದರೆ 1948ರ ಘೋಷಣೆಯಲ್ಲೂ ಸಮುದಾಯದ ಕಡೆಗಿನ ಕರ್ತವ್ಯ ಇರುವುದು 29ನೇ ವಿಧಿಯಲ್ಲೇ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ, ಶಿಕ್ಷಣ ಮಗುವಿಗೆ ತನ್ನ ಸಂಸ್ಕೃತಿ, ಭಾಷೆಯ ಬಗ್ಗೆಯೂ ಬೇರೆಯವರದ್ದರ ಬಗ್ಗೆಯೂ ಗೌರವ ಕಲಿಸಬೇಕು ಅನ್ನುವುದೂ 29. ಸುಮ್ನೆ ಕಾಕತಾಳೀಯ. ಆದರೆ ನಮ್ಮ ಗುಂಪಿನಲ್ಲಿ ಅದೊಂದು ತಮಾಷೆಯಾಯಿತು. ವಾದ ಬಿಸಿಯಾದಾಗಲೆಲ್ಲ ಯಾರಾದರೂ "ಇಪ್ಪತ್ತೊಂಬತ್ತು!" ಅಂತ ಕೂಗುತ್ತಿದ್ದರು.

ಒಂದು ದೂರು ನನಗೆ ತರಬೇತಿಯ ಮೇಲೂ ಇದೆ. ಸಂಸ್ಕೃತಿಯ ವ್ಯತ್ಯಾಸದ ಬಗ್ಗೆ ಅಷ್ಟು ಮಾತಾಡಿದವರು ತಮ್ಮ ತರಗತಿಗೂ ಒಂದು ಸಂಸ್ಕೃತಿ ಇದೆ ಅನ್ನುವುದನ್ನು ಮರೆತಿದ್ದರು. ಮೊದಲ ಹತ್ತು ನಿಮಿಷದಲ್ಲೇ ಗುರುತಿಲ್ಲದವರ ಮುಂದೆ ಮನಸ್ಸಿನ ನೋವು ಹೇಳಿಕೊಳ್ಳಬೇಕು. ಸುಮ್ಮನೆ ಕೂತರೆ ಆಸಕ್ತಿ ಇಲ್ಲ ಅಂತ ಅರ್ಥ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮಾರ್ಗದರ್ಶಕಿಯನ್ನು ಬರೀ ಹೆಸರು ಹಿಡಿದು ಕರೆಯಬೇಕು. ನನಗೆ ನಾಲಿಗೆ ಏಳುತ್ತಲೇ ಇರಲಿಲ್ಲ. ಹೆಸರು ಹೇಳಿ, ತಡೆದು, "ಮೇಡಂ" ಸೇರಿಸುತ್ತಿದ್ದೆ. ಅವರು ನಗುತ್ತಿದ್ದರು. ಐದನೇ ವಾರ ಒಬ್ಬರು ತರಬೇತಿ ಬಿಟ್ಟರು. ಕಾರಣ ಹೇಳಲಿಲ್ಲ. ಅವರು ಎಂದೂ ಮಾತಾಡಿರಲಿಲ್ಲ, ಆದರೆ ಬರೆದು ಕಳಿಸಿದ ಉತ್ತರಗಳು ನಮ್ಮೆಲ್ಲರಿಗಿಂತ ಚೆನ್ನಾಗಿದ್ದವು. ನೀವು ಮಾತು ಕಡಿಮೆ ಆಡುವವರಾದರೆ, ಬರೆದು ಭಾಗವಹಿಸಲು ಅವಕಾಶ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನಾವು ಗಲಾಟೆ ಮಾಡಿದ ಮೇಲೆ ಆ ಅವಕಾಶ ಕೊಟ್ಟರು. ಅಷ್ಟರಲ್ಲಿ ಅವರು ಹೋಗಿಯಾಗಿತ್ತು.

ಅಭ್ಯಾಸದ ತರಗತಿಗೆ ಬರುವ ಮೊದಲು ಇನ್ನೊಂದು ಗೋಡೆ ಇತ್ತು. ಭಾಗವಹಿಸುವ ಪ್ರತಿಯೊಬ್ಬರಿಂದ ಸಹಿ ಮಾಡಿದ ಒಪ್ಪಿಗೆ ಫಾರಂ ಬೇಕು. ನಾಲ್ಕು ಪುಟ. ಯಾವಾಗ ಬೇಕಾದರೂ ಕಾರಣ ಕೊಡದೆ ಎದ್ದು ಹೋಗಬಹುದು, ಧ್ವನಿ ಮುದ್ರಣ ತರಬೇತಿಯವರನ್ನು ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ, ಹೆಸರು ಬರೆಯುವುದಿಲ್ಲ. ಎಲ್ಲ ಅವರ ಒಳ್ಳೆಯದಕ್ಕೇ. ಆದರೆ ಹದಿನೆಂಟು ಜನರಲ್ಲಿ ಸಹಿ ಹಾಕಿದ್ದು ಐವರು ಮಾತ್ರ. ಮಿಕ್ಕವರು ಫಾರಂ ಮುಟ್ಟಲೂ ಇಲ್ಲ. ಅವರ ಬದುಕಿನಲ್ಲಿ ನಾಲ್ಕು ಪುಟದ ಕಾಗದಕ್ಕೆ ಸಹಿ ಹಾಕಿದಾಗೆಲ್ಲ ಏನಾದರೂ ಕಳೆದುಕೊಂಡಿದ್ದರು. ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಕೇಳಿ ಅರ್ಜಿ ಹಾಕಿದೆ. ಅನುಮತಿಗೆ ಮತ್ತೆ ಮೂರು ವಾರ. ನಿಮ್ಮ ಗುಂಪು ಇಂಥದ್ದಾದರೆ ಬಾಯಿಮಾತಿನ ಒಪ್ಪಿಗೆಗೆ ಶುರುವಿನಲ್ಲೇ ಅರ್ಜಿ ಹಾಕಿಡಿ. ಗುಂಪಿನಲ್ಲಿ ಮಕ್ಕಳಿದ್ದರೆ ಪೋಷಕರದ್ದು ಸಾಲದು, ಮಗುವನ್ನೂ ಕೇಳಬೇಕು. ಮಕ್ಕಳ ಒಡಂಬಡಿಕೆಯ 12ನೇ ವಿಧಿ ಹೇಳುವುದೇ ಅದು, ಮಗುವಿನ ಮಾತು ಕೇಳಿ ಅಂತ.

ಮೊದಲ ತರಗತಿಯ ಕಥೆ ಹೇಳಲು ಇನ್ನೂ ಮುಜುಗರ. ಮೂವತ್ತು ವಿಧಿಗಳನ್ನೂ ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ದುಭಾಷಿ ಒಬ್ಬರಿದ್ದರು, ಗುಂಪಿನ ಹೆಚ್ಚಿನವರ ಭಾಷೆ ಬಲ್ಲವರು. ನಾನು ಐದು ನಿಮಿಷ ಮಾತಾಡಿದರೆ ಅವರು ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದರು. "ಎಲ್ಲ ಹೇಳಿದಿರಾ?" ಅಂದೆ. "ಬೇಕಾದಷ್ಟು ಹೇಳಿದೆ" ಅಂದರು. ಐವತ್ತು ದಾಟಿದ ಒಬ್ಬ ಯಜಮಾನರು ಎದ್ದು, "ಇದೆಲ್ಲ ನಿಮ್ಮಂಥವರದ್ದು. ನಮ್ಮ ಕಡೆ ಹಕ್ಕು ಹಕ್ಕು ಅನ್ನುವವನನ್ನು ಜಗಳಗಂಟ ಅಂತಾರೆ" ಅಂದರು.

ಇದಕ್ಕಾಗಿಯೇ ಕಾದಿದ್ದವನ ಹಾಗೆ ಶುರುಹಚ್ಚಿಕೊಂಡೆ. 1948ರ ಘೋಷಣೆಯ ಕರಡಿನಲ್ಲಿ 'ಎಲ್ಲ ಪುರುಷರೂ' ಅನ್ನುವ ಅರ್ಥ ಬರುವಂತೆ ಇದ್ದದ್ದನ್ನು 'ಎಲ್ಲ ಮಾನವರೂ' ಅಂತ ಬದಲಾಯಿಸಲು ಪಟ್ಟು ಹಿಡಿದವರು ಭಾರತದ ಹಂಸಾ ಮೆಹ್ತಾ. ಬರೀ ವಿವೇಕ ಸಾಲದು, ಮನುಷ್ಯ ಮನುಷ್ಯನ ಬಗ್ಗೆ ಮಿಡಿಯುವ ಗುಣವೂ ಬೇಕು ಅಂತ ಕನ್‌ಫ್ಯೂಷಿಯಸ್‌ನ 'ರೆನ್' ಅನ್ನುವ ಕಲ್ಪನೆ ತಂದವರು ಚೀನಾದ ಪಿ. ಸಿ. ಚಾಂಗ್. ಕರಡು ಬರೆದವರಲ್ಲಿ ಲೆಬನಾನಿನ ಚಾರ್ಲ್ಸ್ ಮಲಿಕ್ ಇದ್ದರು, ಚಿಲಿಯ ಹೆರ್ನಾನ್ ಸಾಂತಾ ಕ್ರೂಸ್ ಇದ್ದರು. ಎಲ್ಲಿದೆ ಸ್ವಾಮಿ ನಮ್ಮಂಥವರದ್ದು ನಿಮ್ಮಂಥವರದ್ದು? ಹೇಳಿದ್ದು ಎಲ್ಲವೂ ನಿಜ. ವಾದ ಗೆದ್ದೆ. ಯಜಮಾನರು ಕೂತರು. ಆಮೇಲೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಗಾಬರಿಗೆ ಒಂದು ಆಟ ಆಡಿಸಿದೆ. ಈ ಕ್ಷೇತ್ರದಲ್ಲಿ ಎಲ್ಲರೂ ಆಡಿಸುವ ಆಟವೇ. ಪ್ರತಿಯೊಬ್ಬರಿಗೂ ಒಂದು ಪಾತ್ರದ ಚೀಟಿ. ಒಂದೊಂದು ವಾಕ್ಯ ಓದುತ್ತೇವೆ. 'ನನಗೆ ಪೊಲೀಸರ ಭಯವಿಲ್ಲ', 'ಕಾಯಿಲೆ ಬಂದರೆ ಡಾಕ್ಟರ ಹತ್ತಿರ ಹೋಗಬಲ್ಲೆ', ಹೀಗೆ. ನಿಮ್ಮ ಪಾತ್ರಕ್ಕೆ ಅದು ನಿಜವಾದರೆ ಒಂದು ಹೆಜ್ಜೆ ಮುಂದೆ. ಕೊನೆಗೆ ಯಾರು ಎಲ್ಲಿ ನಿಂತಿದ್ದಾರೆ ನೋಡುವುದು. 'ದಾಖಲೆಗಳಿಲ್ಲದ ವಲಸಿಗ ಮಹಿಳೆ' ಅನ್ನುವ ಚೀಟಿ ಎರಡನೇ ಸಾಲಿನ ಒಬ್ಬ ಹೆಂಗಸಿಗೆ ಹೋಯಿತು. ಅವರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಗೋಡೆಗೆ ಒರಗಿ, ಚೀಟಿ ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದರು. ಅದು ಆಟದ ಪಾತ್ರ ಆಗಿರಲಿಲ್ಲ ಅಂತ ನನಗೆ ತಿಳಿದದ್ದು ಮುಗಿದ ಮೇಲೆ, ದುಭಾಷಿ ಹೇಳಿದಾಗ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಆಟ ಆಡಿಸುವವರಿಗೆ ಕೈಮುಗಿದು ಹೇಳುತ್ತೇನೆ: ಕೋಣೆಯಲ್ಲಿ ಯಾರಿದ್ದಾರೆ ಅಂತ ತಿಳಿಯದೆ ಚೀಟಿ ಬರೆಯಬೇಡಿ. ಯಾರ ಬದುಕಿಗೂ ಹತ್ತಿರ ಬರದ ಪಾತ್ರಗಳನ್ನು ಆರಿಸಿ. "ನಾನು ನೋಡುತ್ತಾ ಕೂರುತ್ತೇನೆ" ಅನ್ನುವುದಕ್ಕೂ ಎಲ್ಲರಿಗೂ ಅವಕಾಶ ಇರಲಿ.

ಮಾರ್ಗದರ್ಶಕಿ ರೆಕಾರ್ಡಿಂಗ್ ಕೇಳಿದರು. ತೊಂಬತ್ತು ನಿಮಿಷದಲ್ಲಿ ಅರವತ್ತೊಂದು ನಿಮಿಷ ನನ್ನದೇ ದನಿ, ಅವರೇ ಅಳೆದಿದ್ದರು. ಬೈಯಲಿಲ್ಲ. "ಆ ಯಜಮಾನರು ನಿಮ್ಮನ್ನು ಕೇಳಿದ್ದು ಇತಿಹಾಸವಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಜಗಳಗಂಟ ಅಂತ ಅವರನ್ನು ಯಾರೋ ಕರೆದಿರಬಹುದು. ನೀವು ಕೇಳಲೇ ಇಲ್ಲ." ನಾನು ಸುಮ್ಮನಿದ್ದೆ. ಅರ್ಜಿಯ ಪಕ್ಕದಲ್ಲಿದ್ದ ಪ್ರಶ್ನೆ ಆಗ ನೆನಪಾಯಿತು. ಆ ಹೆಂಗಸಿಗೆ ಫೋನ್ ಮಾಡಿ ಕ್ಷಮೆ ಕೇಳಲಾ ಅಂದೆ. ಬೇಡ ಅಂದರು. ಅದು ನನ್ನ ಸಮಾಧಾನಕ್ಕೆ ಮಾಡುವ ಫೋನ್ ಆಗುತ್ತಂತೆ. ಆ ಆಟ ಇನ್ನು ಇರುವುದಿಲ್ಲ, ಬಂದರೂ ಬರದಿದ್ದರೂ ಸರಿ ಅಂತ ದುಭಾಷಿಯಿಂದ ಹೇಳಿ ಕಳಿಸಿದೆ.

ಎರಡನೇ ತರಗತಿಗೆ ಆಕೆ ಬರಲಿಲ್ಲ. ಇನ್ನೂ ಇಬ್ಬರು ಬರಲಿಲ್ಲ.

ಸ್ಲೈಡ್ ಇಲ್ಲದೆ ಹೋದೆ. ದುಭಾಷಿಯ ಜೊತೆ ಹಿಂದಿನ ದಿನವೇ ಎರಡು ಗಂಟೆ ಕೂತು, ಯಾವ ಪದಕ್ಕೆ ಏನು ಹೇಳೋಣ ಅಂತ ಮಾತಾಡಿದ್ದೆ. ಅವರು ಮೊದಲ ದಿನ ಅಷ್ಟು ಚಿಕ್ಕದಾಗಿ ಮುಗಿಸಿದ್ದಕ್ಕೆ ಕಾರಣ ಆಗ ಗೊತ್ತಾಯಿತು. ಅವರ ಭಾಷೆಯಲ್ಲಿ ಹಕ್ಕಿಗೆ ಇರುವ ಪದ ಕೋರ್ಟಿನ ವಾಸನೆಯದು, ಹೇಳಿದರೆ ಜನ ಬೆಚ್ಚುತ್ತಾರಂತೆ. (ದುಭಾಷಿಯ ತಯಾರಿಯ ಗಂಟೆಗಳಿಗೂ ಹಣ ಕೊಡಬೇಕು. ತರಬೇತಿಯ ನೆರವಿನಲ್ಲಿ ಅದು ಇರಲಿಲ್ಲ, ನನ್ನ ಜೇಬಿನಿಂದಲೇ ಹೋಯಿತು. ಮೊದಲೇ ತೆಗೆದಿಟ್ಟುಕೊಳ್ಳಿ.) ಹಾಗಾಗಿ ಹಕ್ಕು ಅನ್ನುವ ಮಾತೇ ಎತ್ತಲಿಲ್ಲ. ಚಿಕ್ಕಂದಿನಲ್ಲಿ 'ಇದು ಅನ್ಯಾಯ' ಅಂತ ನಿಮಗೆ ಮೊದಲು ಅನ್ನಿಸಿದ್ದು ಯಾವಾಗ ಅಂತ ಮಾತ್ರ ಕೇಳಿದೆ.

ಎರಡು ನಿಮಿಷ ಮೌನ. ಬಾಯಿ ತೆರೆಯದೆ ಕೂರಲು ಎಷ್ಟು ಕಷ್ಟಪಟ್ಟೆ ಅಂತ ನನಗೇ ಗೊತ್ತು. ಆಮೇಲೆ ಮೊದಲು ಮಾತಾಡಿದ್ದು ಅದೇ ಯಜಮಾನರು. ಮನೆಯ ಭಾಷೆಯಲ್ಲಿ ಮಾತಾಡಿದ್ದಕ್ಕೆ ಶಾಲೆಯಲ್ಲಿ ಮೇಷ್ಟ್ರು ಇಡೀ ದಿನ ಬಾಗಿಲ ಹೊರಗೆ ನಿಲ್ಲಿಸಿದ್ದು. ಮನೆಗೆ ಬಂದು ಹೇಳಿದರೆ ಅಪ್ಪ, "ಜಗಳಗಂಟ" ಅಂದದ್ದು. ಎಲ್ಲರ ಹತ್ತಿರವೂ ಒಂದು ಕಥೆ ಇತ್ತು. ಅವನ್ನೆಲ್ಲ ಗೋಡೆಗೆ ಅಂಟಿಸಿ, ಆಮೇಲೆ ವಿಧಿಗಳ ಚೀಟಿ ಕೊಟ್ಟು, ಯಾವುದರ ಪಕ್ಕ ಯಾವುದು ಅಂತ ಅವರೇ ಹೊಂದಿಸಿದರು. ಯಜಮಾನರು ಶಿಕ್ಷಣದ 26ನೇ ವಿಧಿಯನ್ನು ತಮ್ಮ ಬಾಗಿಲಿನ ಕಥೆಯ ಪಕ್ಕ ಹಚ್ಚಿ, ಅಲ್ಲೇ ನಿಂತು ಎರಡು ಸಲ ಓದಿಸಿಕೊಂಡರು.

ಗದ್ದಲ ಆದದ್ದು ಮದುವೆಯ 16ನೇ ವಿಧಿಗೆ. ಗಂಡು ಹೆಣ್ಣು ಇಬ್ಬರ ಮುಕ್ತ ಒಪ್ಪಿಗೆ ಇದ್ದರೆ ಮಾತ್ರ ಮದುವೆ ಅನ್ನುತ್ತದೆ ಅದು. "ನಮ್ಮ ಸಂಸ್ಕೃತಿಯಲ್ಲಿ ಹೀಗಿಲ್ಲ" ಅಂದರು ಯಜಮಾನರು. ಅವರದೇ ನಾಡಿನ, ಅವರದೇ ಭಾಷೆಯ ಇಪ್ಪತ್ತರ ಹುಡುಗಿ ಒಬ್ಬಳು ತಟ್ಟನೆ, "ನಮ್ಮಜ್ಜಿ ಹಾಗೆ ಹೇಳ್ತಿರಲಿಲ್ಲ" ಅಂದಳು. ಅಜ್ಜಿ ಎಲ್ಲಿಯವರು, ಯಾರ ಮನೆಯವರು ಅಂತ ಶುರುವಾಯಿತು. ಇನ್ನಿಬ್ಬರು ಸೇರಿಕೊಂಡರು. ಹತ್ತು ನಿಮಿಷ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ದುಭಾಷಿ ನನ್ನ ಕಡೆ ಬಗ್ಗಿ, "ಇದನ್ನು ಅನುವಾದ ಮಾಡಲಾ, ಇಲ್ಲ ನಾನೂ ಎರಡು ಮಾತು ಹೇಳಲಾ?" ಅಂದರು. ಹೇಳಿ ಅಂದೆ.

ನಾನು ಓದಿದ ಎಷ್ಟೋ ಪುಟಗಳಲ್ಲಿ ಸಂಸ್ಕೃತಿ ಅನ್ನುವುದು ಒಂದು ಜನ ಮತ್ತು ಇನ್ನೊಂದು ಜನದ ನಡುವಿನ ಬೇಲಿಯ ಹಾಗೆ ಇತ್ತು. ಕೋಣೆಯಲ್ಲಿ ಕಂಡದ್ದು ಒಂದೇ ಜನದೊಳಗಿನ ವಾದ. ಆ ವಾದ ನಾನು ಬರುವ ಮುಂಚೆಯೇ ನಡೆಯುತ್ತಿತ್ತು, ಅಜ್ಜಿಯ ಕಾಲದಿಂದ. ತರಬೇತಿಯಲ್ಲಿ ಓದಿದ ಸೆನೆಗಲ್‌ನ ಕಥೆ ಆಗ ಬೇರೆ ಥರ ಕಂಡಿತು. ಅಲ್ಲಿ ತೋಸ್ತಾನ್ ಅನ್ನುವ ಸಂಸ್ಥೆಯ ಕಲಿಕಾ ಕಾರ್ಯಕ್ರಮದಲ್ಲಿ ಆರೋಗ್ಯದ ಜೊತೆ ಮಾನವ ಹಕ್ಕುಗಳ ಪಾಠವೂ ಇತ್ತು. 1997ರ ಜುಲೈನಲ್ಲಿ ಮಾಲಿಕುಂಡಾ ಬಂಬಾರಾ ಹಳ್ಳಿಯ ಹೆಂಗಸರು ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿ ಬಿಡುತ್ತೇವೆ ಅಂತ ಸಾರಿದರು. ಸುತ್ತಲಿನವರಿಗೆ ಸಿಟ್ಟು ಬಂತು. ಆಮೇಲೆ ಹಿರಿಯ ಇಮಾಮರೊಬ್ಬರು ಹೇಳಿದ್ದು, ನಾವು ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಒಟ್ಟಿಗೆ ಒಪ್ಪದೆ ಇದು ನಿಲ್ಲಲ್ಲ ಅಂತ. ಅವರು ನಂಟರ ಊರೂರಿಗೆ ನಡೆದು ಹೋಗಿ ಮಾತಾಡಿದರು. 1998ರ ಫೆಬ್ರವರಿಯಲ್ಲಿ ಹದಿಮೂರು ಹಳ್ಳಿಗಳು ಒಟ್ಟಾಗಿ ಸಾರಿದವು. ಹೊರಗಿನವರು ಬಂದು ಬೈದು ಬಿಡಿಸಲಿಲ್ಲ. ಹಾಗಂತ ಒಳಗಿನವರು ತಾವಾಗಿಯೇ ಬಿಡಲಿ ಅಂತ ಯಾರೂ ಸುಮ್ಮನೆ ಕಾಯಲೂ ಇಲ್ಲ.

ಮೂರನೇ ತರಗತಿಗೆ ಗೋಡೆಗೆ ಒರಗಿದ್ದ ಹೆಂಗಸು ಬಂದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಒಂದು ಮಾತೂ ಆಡಲಿಲ್ಲ. ನಡುವಿನ ಬಿಡುವಿನ ತನಕ ಇದ್ದು ಹೋದರು. ನಾನೂ ಏನೂ ಕೇಳಲಿಲ್ಲ.

ಇನ್ನು ವರದಿ. ಹನ್ನೆರಡು ಪುಟ ಬರೆದು ಕಳಿಸಿದೆ. ಐದು ವಾರದ ಮೇಲೆ ಹಳದಿ ಬಣ್ಣ ಬಳಿದುಕೊಂಡು ವಾಪಸ್ ಬಂತು. 'ಇವರ ಸಂಸ್ಕೃತಿಯಲ್ಲಿ' ಅಂತ ಹದಿನೇಳು ಕಡೆ ಬರೆದಿದ್ದೆನಂತೆ. ಅಷ್ಟೆಲ್ಲ ಕಂಡ ಮೇಲೂ! ಹದಿನೇಳೂ ಕಡೆ ಒಂದೇ ಟಿಪ್ಪಣಿ: "ಯಾರು ಹೇಳಿದರು? ಎಷ್ಟು ಜನ? ಒಪ್ಪದವರು ಇದ್ದರಾ?" ಮತ್ತೆ ರೆಕಾರ್ಡಿಂಗ್ ಕೇಳಿ ಪ್ರತಿಯೊಂದನ್ನೂ ಬದಲಾಯಿಸಿದೆ. 'ಇಬ್ಬರು ಹಿರಿಯ ಗಂಡಸರು ಹೀಗೆಂದರು, ಒಬ್ಬಳು ಕಿರಿಯಳು ಒಪ್ಪಲಿಲ್ಲ, ಮಿಕ್ಕವರು ಮಾತಾಡಲಿಲ್ಲ.' ಹನ್ನೆರಡು ಪುಟ ಹತ್ತೊಂಬತ್ತಾಯಿತು. ನಾಲ್ಕು ಭಾನುವಾರ ಹೋದವು. ಒಂದು ಕಡೆ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಹಿರಿಯರು ಕೋಣೆಗೆ ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಿದ್ದರು, ಒಬ್ಬರೂ ಬಿಡದೆ. ಅದನ್ನು ಸಂಸ್ಕೃತಿ ಅನ್ನದೆ ಇನ್ನೇನು ಅನ್ನಲಿ? ಆ ಸಾಲು ಉಳಿಯಿತು. ನೀವು ತರಗತಿ ಮುಗಿದ ದಿನವೇ ಯಾರು ಏನೆಂದರು ಅಂತ ಬರೆದಿಡಿ. ಹೆಸರು ಬೇಡ, ಗುರುತಿಗೆ ಒಂದು ಅಂಕಿ ಸಾಕು. ಐದು ವಾರದ ಮೇಲೆ ನೆನಪು ಎಲ್ಲವನ್ನೂ 'ಅವರು' ಮಾಡಿಬಿಡುತ್ತೆ.

ಎಲ್ಲ ಮುಗಿಯಿತು ಅಂದುಕೊಂಡಾಗ ದುಭಾಷಿ ಫೋನ್ ಮಾಡಿದರು. ಯಜಮಾನರಿಗೆ ಅವರ ಭಾಷೆಯ ಘೋಷಣೆ ಬೇಕಂತೆ. ಹುಡುಕಿ ಕಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಫೋನ್. ಮೊದಲ ವಿಧಿಯಲ್ಲಿ ನಮ್ಮಲ್ಲಿ 'ಅಂತಃಕರಣ' ಅಂತ ಇದೆಯಲ್ಲ, ಚಾಂಗ್ ಅವರು ಹಟ ಹಿಡಿದು ಸೇರಿಸಿದ್ದು, ಆ ಜಾಗದಲ್ಲಿ ಅವರ ಭಾಷೆಯಲ್ಲಿ ಹಾಕಿರುವ ಪದ ತಪ್ಪು ಅನ್ನುತ್ತಿದ್ದಾರಂತೆ ಯಜಮಾನರು. ಅದು ಬರೀ ತಪ್ಪು ಮಾಡಿದಾಗ ಚುಚ್ಚುವ ಮನಸ್ಸು, ಇನ್ನೊಬ್ಬರನ್ನು ಕಂಡು ಕರಗುವ ಮನಸ್ಸಿಗೆ ಬೇರೆ ಪದ ಇದೆ ಅಂತ ಅವರ ವಾದ. ದುಭಾಷಿ ಒಪ್ಪುತ್ತಿಲ್ಲ. ಆ ಇಪ್ಪತ್ತರ ಹುಡುಗಿ ಮೂರನೆಯದೊಂದು ಪದ ತಂದಿದ್ದಾಳೆ, ಅವಳ ಅಜ್ಜಿಯದು. "ನಿಮ್ಮ ಭಾಷೆಯಲ್ಲಿ ಏನಂತೀರಿ ಅಂತ ಅವರು ಕೇಳ್ತಿದ್ದಾರೆ" ಅಂದರು. ಅಂತಃಕರಣ ಅಂದೆ. ನಮ್ಮಲ್ಲಿ ಎರಡಕ್ಕೂ ಅದೇ ಪದ ಅಂದೆ. ಆ ಕಡೆಯಿಂದ ಮೂವರೂ ಒಟ್ಟಿಗೆ ಮಾತಾಡಲು ಶುರುಮಾಡಿದರು.